ಕಸ ಸಾಗಿಸೋ ಧಂದೆ: ಯಾವ ಕಸ ಹಿಡೀಬೇಕು, ಯಾವ್ದು ಬಿಡಬೇಕು (ಬೆಳಗಾವಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ)

"ಅಣ್ಣಾರ, ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ತಗೊಂಡೀನಿ, ಈಗ ಯಾವ ಕಸದ ಕೆಲಸ ಹಿಡೀಲಿ?" ಅಂತ ಕೇಳೋರು ಭಾಳ ಆಗ್ಯಾರ. ಉತ್ತರ ಹೇಳೋದು ಕಷ್ಟ, ಯಾಕಂದ್ರ ಪ್ರಶ್ನೆನ ಉಲ್ಟಾ ಐತಿ. ಗಾಡಿ ಮೊದ್ಲ ತಗೊಂಡು, ಗಿರಾಕಿ ಆಮ್ಯಾಲೆ ಹುಡುಕಿ, ಕಸ ತುಂಬಿದ ಮ್ಯಾಲೆ "ಇದನ್ನ ಎಲ್ಲಿ ಇಳಸೋದು" ಅಂತ ರಾತ್ರಿ ಹತ್ತಕ್ಕ ಫೋನ್ ಮಾಡ್ತಾರ. ಸರಿಯಾದ ಕ್ರಮ ಇದರ ತದ್ವಿರುದ್ಧ: ಇಳಸೋ ಜಾಗ ಮೊದ್ಲ, ಕಸ ಆಮ್ಯಾಲೆ, ಗಿರಾಕಿ ಆಮ್ಯಾಲೆ, ಗಾಡಿ ಕಡೀಕ. ಕೆಳಗಿನ ಹಂತಗಳನ್ನ ಇದ ಕ್ರಮದಾಗ ಮಾಡ್ರಿ, ನಡುವಿಂದು ಬಿಟ್ಟು ಮುಂದ ಹೋಗಬ್ಯಾಡ್ರಿ.

ನಾ ಬರಿಯೋದು ಬೆಳಗಾವಿ ಊರಿನ ಲೆಕ್ಕದಾಗ. ಬಾಗಲಕೋಟಿ, ವಿಜಯಪುರದವರಿಗೂ ಹಂತ ಅವ, ಕಸ ಮಾತ್ರ ಬ್ಯಾರೆ ಬ್ಯಾರೆ, ಬಾಗಲಕೋಟಿ ಕಡೆಯದನ್ನ ಹಂತ 4ರಾಗ ಹೇಳೀನಿ.

## ಶುರು ಮಾಡೋಕ ಏನೇನ್ ಬೇಕು

ದೊಡ್ಡ ಸಾಮಾನು ಏನೂ ಬ್ಯಾಡ. ಒಂದು ಉದ್ದ ನೋಟ್‌ಬುಕ್, 5 ಮೀಟರ್ ಟೇಪು, ಕೊಕ್ಕಿಗೆ ಹಾಕಿ ತೂಗೋ 50 ಕಿಲೋ ತಕ್ಕಡಿ, ಮ್ಯಾಪ್ ಇರೋ ಫೋನು. ಹತ್ತಿರದ ವೇಬ್ರಿಜ್ (ಗಾಡಿ ಸಮೇತ ತೂಗೋ ಕಾಟಾ) ಎಲ್ಲೈತಿ, ಒಂದು ಚೀಟಿಗೆ ಎಷ್ಟು ತಗೋತಾರ ಅಂತ ಗೊತ್ತಿರಬೇಕು. ಆಮ್ಯಾಲೆ ಬಾಡಿಗಿ ಗಾಡಿ ಇರೋ ಒಬ್ಬ ಪರಿಚಯದ ಡ್ರೈವರ್. ಇಷ್ಟ. ಇದರಾಗ ಗಾಡಿ ಶೋರೂಮ್ ಕೊಟೇಶನ್ ಇಲ್ಲ ಅನ್ನೋದನ್ನ ಗಮನಿಸ್ರಿ.

## ಹಂತ 1: ಇಳಸೋ ಜಾಗ ಮೊದ್ಲ ಗಟ್ಟಿ ಮಾಡ್ರಿ

ನೋಟ್‌ಬುಕ್ಕಿನಾಗ ಒಂದೊಂದು ಕಸಕ್ಕ ಒಂದೊಂದು ಪುಟ ಬಿಡ್ರಿ. ಒಡದ ಮನಿ ಕಲ್ಲು-ಮಣ್ಣು, ಸೆಪ್ಟಿಕ್ ಟ್ಯಾಂಕಿನ ಮೈಲಿಗಿ, ಮೋಡಕಾ (ಗುಜರಿ) ಮತ್ತ ರದ್ದಿ, ಹೊಟೇಲಿನ ಮುಸುರಿ, ಫೌಂಡ್ರಿ (ಎರಕ ಹೊಯ್ಯೋ ಕಾರ್ಖಾನಿ) ಉಸುಕು. ಪ್ರತಿ ಪುಟದಾಗ ಮೂರ ಸಾಲು ಬರೀರಿ: ಇದನ್ನ ಯಾರು ತಗೋತಾರ, ತಗೊಳ್ಳೋಕ ರೊಕ್ಕ ಕೇಳ್ತಾರೋ ಕೊಡ್ತಾರೋ, ಬರವಣಿಗಿಯೊಳಗ ಕೊಡ್ತಾರೋ ಬರೇ ಬಾಯಿಮಾತೋ. ಮೂರನೇ ಸಾಲು ಖಾಲಿ ಇದ್ದ ಪುಟ ಹರದು ಒಗೀರಿ. ಕಟುವಾಗಿ ಕೇಳಸ್ತೈತಿ, ಆದ್ರ ಮುಂದ ಬರೋ ತ್ರಾಸೆಲ್ಲಾ ಇಲ್ಲೇ ಹುಟ್ಟತೈತಿ.

ಪಾಲಿಕೆ ಕಸ ತುರಮುರಿಗೆ ಹೋಗತೈತಿ, ನಂದೂ ಅಲ್ಲೇ ಒಯ್ದು ಹಾಕ್ತೀನಿ ಅಂತ ಭಾಳ ಮಂದಿ ತಿಳ್ಕೊಂಡಿರ್ತಾರ. ಖಾಸಗಿ ಗಾಡಿ ಸೀದಾ ಹೋಗಿ ಗೇಟಿನಾಗ ನಿಂತ್ರ ಒಳಗ ಬಿಡಬೇಕು ಅಂತ ಎಲ್ಲೂ ಇಲ್ಲ. ಪಾಲಿಕೆ ಆರೋಗ್ಯ ವಿಭಾಗಕ್ಕ ಅರ್ಜಿ ಕೊಟ್ಟು, ಯಾವ ಕಸ, ದಿನಕ್ಕ ಎಷ್ಟು, ಯಾವ ಗಾಡಿ ನಂಬರ್ ಅಂತ ಬರದು, ಸ್ವೀಕೃತಿ ಸಿಕ್ಕಾ ಹಾಕಿಸ್ಕೊಂಡು ಬರ್ರಿ. "ಆಗೂದಿಲ್ಲ" ಅಂತ ಉತ್ತರ ಬಂದ್ರೂ ಅದು ಲಾಭನ, ಗಾಡಿ ಸಾಲ ಮಾಡೋಕಿಂತ ಮೊದ್ಲ ಗೊತ್ತಾತಲ್ಲ.

ಎಚ್ಚರಿಕಿ ಗಂಟೆ: "ನಾಲಾದಾಗ ಬಿಡ್ರಿ, ಯಾರ್ ನೋಡ್ತಾರ" ಅಂತ ಯಾರರ ಅಂದ್ರ ಆ ಕೆಲಸ ಬ್ಯಾಡ. ಬಳ್ಳಾರಿ ನಾಲಾ ಮಳಿಗಾಲದಾಗ ತುಂಬಿ ಶಹಾಪುರ, ವಡಗಾಂವ, ಯಳ್ಳೂರ ಕಡೆ ಭತ್ತದ ಗದ್ದಿಗೆ ನೀರು ನುಗ್ಗತೈತಿ, ಅಲ್ಲಿ ರೈತರು ಒಂದು ಟ್ರಿಪ್ ಕಲ್ಲು-ಮಣ್ಣು ಬಿದ್ರೂ ಗಾಡಿ ನಂಬರ್ ಫೋಟೋ ಹೊಡೀತಾರ. ಹೊಡೀಬೇಕು ಕೂಡ.

## ಹಂತ 2: ಆ ಓಣಿ ಯಾರ ಕೈಯಾಗ ಐತಿ ನೋಡ್ರಿ

ಬೆಳಗಾವಿಯಾಗ ಇದು ಸಣ್ಣ ಮಾತಲ್ಲ. ತಿಲಕವಾಡಿ, ಶಹಾಪುರ ಅಂದ್ರ ಮಹಾನಗರ ಪಾಲಿಕೆ. ಕ್ಯಾಂಪ್ ಏರಿಯಾ ಅಂದ್ರ ಕ್ಯಾಂಟೋನ್ಮೆಂಟ್ ಬೋರ್ಡು, ಅದು ಬ್ಯಾರೇನ ಆಡಳಿತ. ಹಿಂಡಲಗಾ ದಾಟಿದ್ರ ಪಂಚಾಯ್ತಿ. ಒಂದ ರಸ್ತೆ ಮ್ಯಾಲೆ ಮೂರು ಆಡಳಿತ, ಒಂದು ಕಡೆ ತಗೊಂಡ ಪರವಾನಗಿ ಇನ್ನೊಂದ್ ಕಡೆ ನಡ್ಯೂದಿಲ್ಲ. ನಿಮ್ಮ ಮೊದಲ ಇಪ್ಪತ್ತು ಗಿರಾಕಿ ಎಲ್ಲಿ ಸಿಗಬಹುದು ಅಂತ ಮ್ಯಾಪಿನಾಗ ಚುಕ್ಕಿ ಹಾಕ್ರಿ, ಹೆಚ್ಚು ಚುಕ್ಕಿ ಯಾರ ಹದ್ದಿನಾಗ ಬೀಳ್ತಾವೋ ಅವರ ಕಚೇರಿಗೆ ಮೊದ್ಲ ಹೋಗ್ರಿ.

## ಹಂತ 3: ತೂಕ ನೋಡ್ರಿ, ತುಂಬಿದ್ದಷ್ಟ ನೋಡಬ್ಯಾಡ್ರಿ

ಇಲ್ಲೇ ಹೆಚ್ಚಿನವರು ಎಡವೋದು, ಹಂಗಾಗಿ ಸ್ವಲ್ಪ ಸಾವಕಾಶ ಓದ್ರಿ.

ಟಾಟಾ ಏಸ್ ಡಾಲಾ (ಮಾಲು ತುಂಬೋ ಹಿಂದಿನ ಭಾಗ) ಅಂದಾಜು 7 ಫೂಟ್ ಉದ್ದ, 5 ಫೂಟ್ ಅಗಲ, ಸುತ್ತಲಿನ ಫಳಿ ಎತ್ತರ 1 ಫೂಟ್. ಗುಣಿಸಿದ್ರ 35 ಘನ ಫೂಟ್, ಅಂದ್ರ ಹೆಚ್ಚುಕಮ್ಮಿ ಒಂದು ಘನ ಮೀಟರ್. 100 ಘನ ಫೂಟಿಗೆ ಒಂದು ಬ್ರಾಸ್, ಹಂಗಾದ್ರ ಇದು ಬ್ರಾಸಿನ ಮೂರನೇ ಒಂದು ಪಾಲು. ಒಡದ ಇಟ್ಟಂಗಿ, ಗಿಲಾವಿ, ಕಾಂಕ್ರೀಟ್ ಕೂಡಿದ ಮಾಲು ಒಂದು ಘನ ಮೀಟರಿಗೆ 1.4 ಟನ್ ಆಸುಪಾಸು ತೂಗತೈತಿ. ಗಾಡಿ ಹೊರೋದು ಮುಕ್ಕಾಲು ಟನ್. ಅಂದ್ರ ಡಾಲಾ ಫಳಿ ಮಟ್ಟ ತುಂಬಿದ್ರ ಸಾಕು, ಹೊರೋದಕ್ಕಿಂತ ಡಬಲ್ ತುಂಬಿದಂಗ! ಅರ್ಧಾನೂ ತುಂಬದ ಗಾಡಿ ನೋಡಿ ಗಿರಾಕಿ "ಇನ್ನೂ ಜಾಗ ಐತಲ್ಲ" ಅಂತಾನ, ಹಮಾಲರೂ ಹಾಕಿಬಿಡ್ತಾರ, ಆಮ್ಯಾಲೆ ಪಟ್ಟಾ (ಗಾಡಿ ಸ್ಪ್ರಿಂಗ್) ಮುರೀತೈತಿ, ಟಾಯರ್ ಸವೀತೈತಿ. ಓವರ್‌ಲೋಡ್ ಸಿಕ್ಕರ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ, ಮ್ಯಾಲೆ ಹೆಚ್ಚಿನ ಒಂದೊಂದು ಟನ್ನಿಗೆ 2,000. ವಾರದ ಗಳಿಕಿ ಒಂದ ಚೀಟಿಯಾಗ ಹೋಗತೈತಿ.

ಥರ್ಮಾಕೋಲ್, ರಟ್ಟು, ಪ್ಲಾಸ್ಟಿಕ್ ಬಾಟ್ಲಿ ಇದರ ಉಲ್ಟಾ. ಡಾಲಾ ಮ್ಯಾಲೆ ಜಾಳಿಗಿ ಕಟ್ಟಿ ಆರು ಫೂಟ್ ಎತ್ತರ ಮಾಡಿದ್ರೂ ತೂಕ ಏರೋದಿಲ್ಲ. ಹಂಗಾಗಿ ಭಾರದ ಕಸಕ್ಕ ರೇಟು ಬ್ರಾಸಿನ ಮ್ಯಾಲೆ ಇಲ್ಲಾ ಟನ್ನಿನ ಮ್ಯಾಲೆ ಹೇಳ್ರಿ, ಹಗುರ ಕಸಕ್ಕ ಟ್ರಿಪ್ಪಿನ ಮ್ಯಾಲೆ. "ಒಟ್ಟು ಮನಿ ಖಾಲಿ ಮಾಡೋಕ ಇಷ್ಟು" ಅಂತ ಉಕ್ತಾ ಮಾತಾಡಬ್ಯಾಡ್ರಿ, ಒಡದ ಮ್ಯಾಲೆ ಮಾಲು ಎಷ್ಟು ಉಬ್ಬತೈತಿ ಅಂತ ಗ್ವಾಡಿ ನೋಡಿ ಅಂದಾಜು ಮಾಡೋದು ಹಳೇ ಕಾಂಟ್ರಾಕ್ಟರಿಗೂ ಬರೂದಿಲ್ಲ.

## ಹಂತ 4: ಒಂದೊಂದ ಕಸ ಹಿಡದು ಪರೀಕ್ಷೆ ಮಾಡ್ರಿ

### ಒಡದ ಮನಿ ಕಲ್ಲು-ಮಣ್ಣು

ಹೊಸಬರಿಗೆ ಬಾಗಲಾ ತೆರದಿರೋದು ಇದ. ವಾಸನಿ ಇಲ್ಲ, ಒಂದಿನ ಇಟ್ರೂ ಕೊಳ್ಯೂದಿಲ್ಲ, ಗಾಂವಠಾಣ ಓಣಿಯೊಳಗ ಹಳೇ ಮನಿ ಕೆಡವಿ ಕಟ್ಟೋದು ನಡದ ಇರತೈತಿ. ಆದ್ರ ರೊಕ್ಕ ಸಾಗಿಸೋದರಾಗ ಕಡಿಮಿ, ಬ್ಯಾರೆ ಮಾಡೋದರಾಗ ಹೆಚ್ಚು. ಮಂಗಳೂರು ಹಂಚು, ಸಾಗವಾನಿ ಚೌಕಟ್ಟು, ಕಬ್ಬಿಣದ ಸಳಿ, ಗಿಲಾವಿ ಬಡದ ಇಟ್ಟಂಗಿ ಇವನ್ನ ತುಂಬೋಕಿಂತ ಮೊದ್ಲ ತಗದು ಇಡ್ರಿ. ಯಾವ್ದು ಮನಿಯವರದು ಯಾವ್ದು ನಿಮ್ಮದು ಅಂತ ಕೆಲಸಕ್ಕ ಮೊದ್ಲ ವಾಟ್ಸಾಪಿನಾಗ ಬರಸ್ಕೊಳ್ರಿ, ಕೆಡವೋ ದಿನ ಅವ್ವಾರು ಬಂದು "ಆ ಬಾಗಲಾ ನಮ್ಮ ಅತ್ತಿಯವರದು" ಅಂತ ನಿಂತ್ರ ನೀವು ಮಾತಾಡೋಕ ಬರೂದಿಲ್ಲ.

ತಗ್ಗು ತುಂಬಸೋಕ ಮಾಲು ಬೇಕು ಅನ್ನೋರು ಸಿಗ್ತಾರ. ಜಾಗದ ಮಾಲೀಕರ ಸಹಿ ಇರೋ ಪತ್ರ, ಉತಾರಿ (ಪಹಣಿ) ಝೆರಾಕ್ಸ್ ತಗೊಳ್ರಿ. ಕೆರಿ ಅಂಗಳ, ನಾಲಾ ದಂಡಿ ಆಗಿದ್ರ ಪತ್ರ ಇದ್ರೂ ಹಾಕಬ್ಯಾಡ್ರಿ. ಪಿಓಪಿ ಸೀಲಿಂಗ್ ತುಂಡು, ಪ್ಲಾಸ್ಟಿಕ್ ಕೂಡಿದ್ರ ಆ ಮಾಲನ್ನ ಮತ್ತ ಯಾರೂ ತಗೊಳ್ಳೂದಿಲ್ಲ. ಹಳೇ ಸಿಮೆಂಟ್ ಪತ್ರಾ, ಅಂದ್ರ ಆಸ್ಬೆಸ್ಟಾಸಿನವು, ಬಡದು ಒಡೀಬ್ಯಾಡ್ರಿ, ಅದರ ಧೂಳು ಪುಪ್ಪುಸಕ್ಕ ಕೂತ್ರ ಹೋಗೂದಿಲ್ಲ. ನೀರು ಹೊಡದು, ಇಡೀ ಪತ್ರಾ ಇಳಿಸಿ, ದಪ್ಪ ಪ್ಲಾಸ್ಟಿಕ್ ಸುತ್ತಿ ಬ್ಯಾರೆ ಇಡಬೇಕು.

ಕಟ್ಟಡ ಕಸಕ್ಕ 2016ರಾಗ ನಿಯಮ ಬಂದಿದ್ವು, 2025ರಾಗ ಹೊಸ ನಿಯಮ ಹೊರಡಿಸ್ಯಾರ, ಜಾರಿ 2026ರ ಏಪ್ರಿಲ್ 1ರಿಂದ. ಹೊಸ ಜವಾಬ್ದಾರಿಯ ಭಾರ ಮುಖ್ಯವಾಗಿ 20,000 ಚದರ ಮೀಟರ್ ಮತ್ತ ಅದಕ್ಕಿಂತ ದೊಡ್ಡ ಕಟ್ಟಡದವರ ಮ್ಯಾಲೆ, ಆದ್ರ ಅಂಥ ಬಿಲ್ಡರ್ ಹತ್ರ ನೀವು ಕೆಲಸ ಹಿಡದ್ರ ಮಾಲು ಎಲ್ಲಿ ಹೋತು ಅನ್ನೋ ಕಾಗದ ನಿಮ್ಮಿಂದಾನೂ ಕೇಳ್ತಾರ.

ಜೂನ್‌ದಿಂದ ಸಪ್ಟೆಂಬರ್ ತನಕ ಈ ಕೆಲಸ ಕುಂಟತೈತಿ. ಬೆಳಗಾವಿ ಮಳಿ ಗೊತ್ತಲ್ರಿ.

### ಸೆಪ್ಟಿಕ್ ಟ್ಯಾಂಕ್ ಗಾಡಿ

ಕಲ್ಲು-ಮಣ್ಣಿನ ಕೆಲಸ ನಿಂತಾಗ ಇದು ಏರತೈತಿ, ಯಾಕಂದ್ರ ಮಳಿಗಾಲದಾಗ ನೆಲದ ನೀರು ಮ್ಯಾಲೆ ಬಂದು ಗುಂಡಿ ತುಂಬತಾವ. ಬಂಡವಾಳ ಜಾಸ್ತಿ, ಪೈಪೋಟಿ ಕಡಿಮಿ, ಗಿರಾಕಿ ಚೌಕಾಶಿ ಮಾಡೋ ಪರಿಸ್ಥಿತಿಯಾಗ ಇರೂದಿಲ್ಲ. ನನ್ನ ಪ್ರಕಾರ ಇಳಸೋ ಜಾಗ ಸಿಕ್ಕೋರಿಗೆ ಇದ ಎಲ್ಲಾಕ್ಕಿಂತ ಚಲೋ ಧಂದೆ, ಸಿಗದವರಿಗೆ ಎಲ್ಲಾಕ್ಕಿಂತ ಕೆಟ್ಟದ್ದು.

ಫೋನ್ ಬಂದ ಕೂಡ್ಲೆ ಕೇಳಬೇಕಾದ್ದು ಅಳತಿ. ಉದ್ದ, ಅಗಲ, ಆಳ ಫೂಟಿನಾಗ ಗುಣಿಸಿ 28.3ರಿಂದ ಗುಣಿಸಿದ್ರ ಲೀಟರ್. 8 ಫೂಟ್, 5 ಫೂಟ್, 5 ಫೂಟ್ ಗುಂಡಿ ಅಂದ್ರ 200 ಘನ ಫೂಟ್, 5,660 ಲೀಟರ್. ನಿಮ್ಮ ಟ್ಯಾಂಕರ್ 4,000 ಲೀಟರಿಂದು ಇದ್ರ ಎರಡು ಟ್ರಿಪ್, ಇದನ್ನ ಮೊದ್ಲ ಹೇಳಲಿಲ್ಲಾಂದ್ರ ಎರಡನೇ ಟ್ರಿಪ್ಪಿನ ರೊಕ್ಕಕ್ಕ ಜಗಳ ಗ್ಯಾರಂಟಿ. ಎರಡನೇ ಪ್ರಶ್ನೆ, ರಸ್ತೆಯಿಂದ ಗುಂಡಿ ತನಕ ಎಷ್ಟು ಫೂಟ್. ಹಳೇ ಓಣಿಗಳಾಗ ಗಾಡಿ ಒಳಗ ಹೋಗೂದಿಲ್ಲ, ಪೈಪು ಸಾಲೂದಿಲ್ಲ. ಮೂರನೇದು ಆಳ: ಸಕ್ಷನ್ ಪಂಪು ಆರೇಳು ಮೀಟರಿಗಿಂತ ಕೆಳಗಿಂದ ಎಳ್ಯೋದು ಕಷ್ಟ.

ಈಗ ಬಿಡಬಾರದ ಮಾತು. ತಳದಾಗ ಗಟ್ಟಿ ಕೂತೈತಿ ಅಂತ ಮನಿಯವರು "ಒಬ್ಬ ಹುಡುಗನ್ನ ಇಳಸ್ರಿ, ಐದ ನಿಮಿಷ" ಅಂತಾರ. ಇಳಸಬ್ಯಾಡ್ರಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗ್ಯಾಸು ಕಡಿಮಿ ಇದ್ದಾಗ ಕೊಳತ ತತ್ತಿ ವಾಸನಿ ಬರತೈತಿ, ಜಾಸ್ತಿ ಆದ್ರ ಮೂಗು ಸತ್ತು ವಾಸನಿನ ಗೊತ್ತಾಗೂದಿಲ್ಲ, ವಾಸನಿ ಹೋತು ಅಂತ ಇಳದಂವ ಮ್ಯಾಲೆ ಬರೂದಿಲ್ಲ, ಅವನ್ನ ಎತ್ತೋಕ ಹೋದಂವನೂ ಬರೂದಿಲ್ಲ. ಮಲ ಹೊರೋ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣಿ ಇಲ್ಲದ ಇಂಥ ಅಪಾಯದ ಕೆಲಸಕ್ಕ ಮನುಷ್ಯನ್ನ ಹಚ್ಚಿದ್ರ ಮೊದಲ ಸಲಕ್ಕ ಎರಡು ವರ್ಷದ ತನಕ ಜೈಲು ಇಲ್ಲಾ ಎರಡು ಲಕ್ಷದ ತನಕ ದಂಡ, ಎರಡೂ ಬೀಳಬಹುದು. ಗಟಾರದಾಗ ಜೀವ ಹೋದ್ರ ಪರಿಹಾರ 30 ಲಕ್ಷ ಅಂತ ಸುಪ್ರೀಂ ಕೋರ್ಟ್ 2023ರಾಗ ಹೇಳೈತಿ. ಗಟ್ಟಿ ಆಗಿದ್ರ ನೀರು ಒತ್ತಿ ಹೊಡದು, ಉದ್ದ ಕೋಲಿನಿಂದ ಕಲಸಿ, ಮತ್ತ ಎಳೀರಿ. ಮುಚ್ಚಳ ತಗದ ಮ್ಯಾಲೆ ಬೀಡಿ-ಸಿಗರೇಟ್ ಹತ್ರಾನೂ ಬರಬಾರದು, ಮೀಥೇನ್ ಇರತೈತಿ.

ರೈತರು ಹೊಲಕ್ಕ ಬಿಡ್ರಿ ಅಂತ ಕರೀತಾರ, ರೊಕ್ಕಾನೂ ಕೊಡ್ತಾರ. ಹಸಿ ಮೈಲಿಗಿಯಾಗ ಜಂತುಹುಳದ ತತ್ತಿ ತಿಂಗಳುಗಟ್ಟಲೆ ಜೀವಂತ ಇರತಾವ, ಅದ ಹೊಲದ ಮೂಲಂಗಿ, ಕೊತ್ತಂಬರಿ ನಾಳೆ ನಿಮ್ಮ ಮನಿಗೇ ಬರತೈತಿ. ಶುದ್ಧೀಕರಣ ಘಟಕದವರು ತಗೋತೀವಿ ಅಂತ ಬರದು ಕೊಟ್ರ ಮಾತ್ರ ಈ ಧಂದೆ.

### ಮೋಡಕಾ, ರದ್ದಿ, ಪ್ಲಾಸ್ಟಿಕ್

ಇದು ಸಾಗಣಿ ಧಂದೆ ಅಲ್ಲ, ವ್ಯಾಪಾರ. ಇಲ್ಲಿ ನೀವ ರೊಕ್ಕ ಕೊಟ್ಟು ಕಸ ಕೊಳ್ತೀರಿ, ಗೋಡೌನಿನಾಗ ಮಾಲು ಕೂತಷ್ಟು ದಿನ ರೊಕ್ಕಾನೂ ಕೂತಂಗ. ರೇಟು ಬಿದ್ರ ನಷ್ಟ ನಿಮ್ಮದು. ವ್ಯಾಪಾರದ ರಕ್ತ ಇದ್ದೋರು ಹಿಡೀರಿ, ಗಾಡಿ ಓಡಸೋದಷ್ಟ ಗೊತ್ತಿದ್ದೋರು ಮೋಡಕಾದವರಿಗೆ ಬಾಡಿಗಿ ಹೊಡೀರಿ, ನಿದ್ದಿ ಚಲೋ ಬರತೈತಿ.

ಕಬ್ಬಿಣ, ತಾಮ್ರದಂಥ ಲೋಹದ ಸ್ಕ್ರ್ಯಾಪಿಗೆ 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿ ನಿಯಮ ಬದಲಾಗೈತಿ: ನೋಂದಣಿ ಇಲ್ಲದವರು ನೋಂದಣಿ ಇದ್ದವರಿಗೆ ಮಾರಿದ್ರ ತೆರಿಗಿ ಕೊಳ್ಳಾಂವ ಕಟ್ಟಬೇಕು. ಅಂವ ಅದನ್ನ ನಿಮ್ಮ ರೇಟಿನಾಗ ಮುರಕೋತಾನೋ ಇಲ್ಲೋ ಮೊದ್ಲ ಕೇಳ್ರಿ.

ಎಚ್ಚರಿಕಿ ಗಂಟೆ: ಸುಟ್ಟ ಕರಿ ತಾಮ್ರದ ತಂತಿ, ಚೇಂಬರ್ ಮುಚ್ಚಳ, ಹೊಸಾದ ಇರೋ ಮೋಟರ್, ಮಾರೋಕ ಬಂದ ಹುಡುಗನ ಅವಸರ. ಕಳವಿನ ಮಾಲು ಅಂತ ಗೊತ್ತಿದ್ದೂ ತಗೊಂಡ್ರ ಭಾರತೀಯ ನ್ಯಾಯ ಸಂಹಿತೆ 317ನೇ ಕಲಂ ನಿಮಗ ಹತ್ತತೈತಿ. ಮಾರಾಂವನ ಆಧಾರ್ ಫೋಟೋ, ಫೋನ್ ನಂಬರ್, ತೂಕ ಬರದ ಚೀಟಿ ಇಡ್ರಿ.

### ಹೊಟೇಲ್, ಮಂಗಲ ಕಾರ್ಯಾಲಯದ ಮುಸುರಿ

ದಿನಕ್ಕ 100 ಕಿಲೋ ಮ್ಯಾಲೆ ಕಸ ಹೊರಬೀಳೋ ಜಾಗಕ್ಕ ನಿಯಮದಾಗ ದೊಡ್ಡ ಉತ್ಪಾದಕರು ಅಂತ ಹೇಳ್ತಾರ, ಅವರು ತಮ್ಮ ಕಸದ ವ್ಯವಸ್ಥೆ ತಾವ ಮಾಡ್ಕೋಬೇಕು. ನಿಮ್ಮ ಗಿರಾಕಿ ಇವರ. ತಕ್ಕಡಿ ಒಯ್ದು ಒಂದು ವಾರ ಅವರ ಡ್ರಮ್ಮು ತೂಗ್ರಿ, ಮಾಲೀಕರು ಹೇಳೋ ಅಂಕಿ ನಂಬಬ್ಯಾಡ್ರಿ. ಮುಸುರಿ ಭಾರ ಇರತೈತಿ, ತುಂಬಿದ ಡ್ರಮ್ಮು ಇಬ್ಬರಿಗೂ ಎತ್ತೋಕ ಆಗೂದಿಲ್ಲ, 50 ಲೀಟರ್ ಸಣ್ಣ ಡ್ರಮ್ಮು ಸಾಕು.

ಈ ಧಂದೆಯ ಶಾಪ ಅಂದ್ರ ಸುಟ್ಟಿ ಇಲ್ಲ. ಒಂದಿನ ಗಾಡಿ ಕೆಟ್ರ ಮರುದಿನ ಹೊಟೇಲಿನವರು ಬ್ಯಾರೆಯವರಿಗೆ ಫೋನ್ ಮಾಡಿರ್ತಾರ. ಲಗ್ನದ ಸೀಜನ್ನಿನಾಗ ಕಾರ್ಯಾಲಯದ ಕಸ ಒಮ್ಮೆಲೇ ಬರತೈತಿ, ಆಷಾಢದಾಗ ಶೂನ್ಯ. ಪ್ಲಾಸ್ಟಿಕ್ ಗ್ಲಾಸು, ಟಿಶ್ಯೂ ಕೂಡಿದ ಮುಸುರಿ ಗೊಬ್ಬರದವರೂ ತಗೊಳ್ಳೂದಿಲ್ಲ, ಹಂಗಾಗಿ "ಬ್ಯಾರೆ ಮಾಡಿ ಕೊಟ್ರ ಇಷ್ಟು, ಕಲಸಿ ಕೊಟ್ರ ಇಷ್ಟು" ಅಂತ ಎರಡು ರೇಟು ಇಡ್ರಿ. ಹಂದಿ ಸಾಕೋರಿಗೆ ಕೊಡೋದಿದ್ರ ಅವರು ಕುದಿಸಿ ಹಾಕಬೇಕು, ಹಂದಿ ಜ್ವರ ಹಬ್ಬೋ ದಾರಿ ಇದು. ಕರದ ಎಣ್ಣಿ ಮಾತ್ರ ಮುಸುರಿ ಜತಿ ಕಲಸಬ್ಯಾಡ್ರಿ, ಅದನ್ನ ಬಯೋಡೀಸೆಲ್ಲಿಗೆ ತಗೊಳ್ಳೋ ಅಧಿಕೃತ ಮಂದಿ ಇದ್ದಾರ. ಗಾಡಾದವರಿಗೆ ಮಾರಿದ್ರ ಮತ್ತ ಅದ ಎಣ್ಣಿ ಭಜಿ ರೂಪದಾಗ ಬರತೈತಿ.

### ಉದ್ಯಮಬಾಗ ಫೌಂಡ್ರಿ ಉಸುಕು, ಕಾರ್ಖಾನಿ ಮಾಲು

ಬೆಳಗಾವಿಗೇ ಮೀಸಲಾದ ಅವಕಾಶ ಇದು. ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳಿಂದ ಎರಕದ ಹಳೇ ಉಸುಕು ವರ್ಷಪೂರ್ತಿ ಬರತೈತಿ, ಮಾಲು ಒಂದ ನಮೂನಿ, ಗಿರಾಕಿ ಗಟ್ಟಿ. ಆದ್ರ ಎಲ್ಲಾ ಉಸುಕು ಒಂದ ಅಲ್ಲ. ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ ಹಾಕಿದ ಉಸುಕು ಬ್ಯಾರೆ, ಫಿನಾಲಿಕ್ ರೆಸಿನ್ ಹಾಕಿ ಗಟ್ಟಿ ಮಾಡಿದ್ದು ಬ್ಯಾರೆ. ಲ್ಯಾಬ್ ರಿಪೋರ್ಟ್ ಮತ್ತ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗಿ ಕಾಗದದಾಗ ಈ ಮಾಲಿಗೆ ಏನಂತ ಬರದಾರ ಅನ್ನೋದನ್ನ ನೋಡದ ತುಂಬಬ್ಯಾಡ್ರಿ.

ಬಾಗಲಕೋಟಿ ಜಿಲ್ಲೆದಾಗ ಮುಧೋಳ, ಜಮಖಂಡಿ ಕಡೆಯವರು ಸಕ್ಕರಿ ಕಾರ್ಖಾನಿ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿ ಉಳದ ಗಸಿ) ನೋಡ್ರಿ, ರೈತರು ಗೊಬ್ಬರಕ್ಕ ಕೇಳಿ ಒಯ್ತಾರ, ಕಬ್ಬು ಅರ್ಯೋ ಹಂಗಾಮಿನಾಗ ಮಾತ್ರ. ಇಳಕಲ್ಲಿನವರಿಗೆ ಗ್ರಾನೈಟ್ ತುಂಡು. ಎರಡೂ ಭಾರದ ಮಾಲು, ಹಂತ 3 ಮತ್ತೊಮ್ಮೆ ಓದ್ರಿ.

### ಹೊಸಬರು ಬಿಡಬೇಕಾದ್ದು

ದವಾಖಾನಿ ಕಸ ಬ್ಯಾಡ. ಅದನ್ನ ಒಯ್ಯೋದು ಅಧಿಕಾರ ಪಡದ ಸಾಮೂಹಿಕ ಘಟಕದವರ ಕೆಲಸ, ನಿಮ್ಮ ಏಸ್ ಗಾಡಿಗೆ ಅಲ್ಲ. ಕೆಮಿಕಲ್ ಸ್ಲಜ್, ಪೇಂಟ್ ಡಬ್ಬಿ, ಸುಟ್ಟ ಎಂಜಿನ್ ಆಯಿಲ್ ಇವು ಅಪಾಯಕಾರಿ ಕಸ. 2016ರ ನಿಯಮದಾಗ ಇವಕ್ಕ ಏಳು ಪ್ರತಿಯ ಮ್ಯಾನಿಫೆಸ್ಟ್ (ಸಾಗಣಿ ಚೀಟಿ) ಇರತೈತಿ, ಸಾಗಿಸಾಂವಗ ಉಳ್ಯೋದು ಕಿತ್ತಳಿ ಬಣ್ಣದ್ದು. ಆ ಕಾಗದ ಇಲ್ಲದ "ಒಂದ ಬ್ಯಾರಲ್ ಐತಿ, ಕಲ್ಲು-ಮಣ್ಣಿನ ಜತಿ ಒಯ್ಯಿ" ಅಂದ್ರ ಅವತ್ತ ಆ ಗಿರಾಕಿ ಬಿಡ್ರಿ.

ಸರ್ಕಾರಿ ಟೆಂಡರ್ ಎರಡನೇ ವರ್ಷದ ಮಾತು. ಇಎಂಡಿ (ಟೆಂಡರ್ ಹಾಕೋಕ ಇಡೋ ಠೇವಣಿ) ಕಟ್ಟಿ, ಬಿಲ್ ಬರೋ ತನಕ ಡೀಸೆಲ್, ಪಗಾರ ಕೈಯಿಂದ ಹಾಕೋ ಶಕ್ತಿ ಇರಬೇಕು.

## ಹಂತ 5: ಒಂದು ಟ್ರಿಪ್ಪಿನ ಲೆಕ್ಕ ಕಾಗದದ ಮ್ಯಾಲೆ

ಮಂದಿ ಡೀಸೆಲ್, ಡ್ರೈವರ್, ಹಮಾಲಿ ಮೂರ ಹಿಡೀತಾರ. ಅದರ ಕೆಳಗ ಇವನ್ನೂ ಬರೀರಿ: ಇಳಸೋ ಜಾಗದ ಫೀ, ವೇಬ್ರಿಜ್ ಚೀಟಿ, ಖಾಲಿ ಬರೋ ಡೀಸೆಲ್, ಟಾಯರ್-ಪಟ್ಟಾ ಸವೆತ, ಗಾಡಿ ತೊಳ್ಯೋದು, ಕಂತಿನ ಪಾಲು. ಕಂತನ್ನ 30 ದಿನಕ್ಕ ಭಾಗಿಸಬ್ಯಾಡ್ರಿ. ಉದಾಹರಣೆಗೆ ತಿಂಗಳ ಕಂತು 15,000 ಇದ್ದು ಗಾಡಿ ಖರೇನ ಓಡೋದು 22 ದಿನ ಅಂದ್ರ ದಿನಕ್ಕ 680 ರೂಪಾಯಿ ಚಿಲ್ರಿ, 500 ಅಲ್ಲ. ಎರಡ ಟ್ರಿಪ್ ಹೊಡದ್ರ ಟ್ರಿಪ್ಪಿಗೆ 340 ಕಂತಿಗೇ ಹೋತು. ಮಳಿಗಾಲದಾಗ 10 ದಿನ ಓಡಿದ್ರ ದಿನದ ಪಾಲು 1,500. ಕಲ್ಲು-ಮಣ್ಣು ಹಿಡ್ಯೋರು ಈ ಎರಡನೇ ಅಂಕಿ ನೋಡಿ ನಿರ್ಧಾರ ಮಾಡ್ರಿ.

## ಹಂತ 6: ಬಾಡಿಗಿ ಗಾಡಿ ಮ್ಯಾಲೆ ಒಂದು ತಿಂಗಳು

ಎರಡು ಕಸ ಉಳದಿರ್ತಾವ ಈಗ, ಅದರಾಗ ಒಂದ ಹಿಡೀರಿ. ಪರಿಚಯದ ಡ್ರೈವರನ ಗಾಡಿ ತಗೊಂಡು ಖರೇ ಗಿರಾಕಿ, ಖರೇ ರೇಟಿನಾಗ ಕೆಲಸ ಮಾಡ್ರಿ. ಲಾಭ ಕಡಿಮಿ ಬಿದ್ರೂ ಪರವಾಗಿಲ್ಲ, ನೋಡಬೇಕಾದ್ದು ಬ್ಯಾರೆ: ಇಳಸೋ ಜಾಗದಾಗ ಎಷ್ಟೊತ್ತು ನಿಂದರಸ್ತಾರ, ರೊಕ್ಕ ಕೈಗೆ ಬರೋಕ ಎಷ್ಟು ದಿನ, ಒಮ್ಮೆ ಕರದ ಗಿರಾಕಿ ಮತ್ತ ಕರೀತಾನೋ, ಅಂವ ಹೇಳಿ ಕಳಿಸಿದ ಗಿರಾಕಿ ಬಂದನೋ. ತಿಂಗಳ ಕೊನಿಗೆ ಉದ್ರಿ ಗಳಿಕಿಯ ಮೂರನೇ ಪಾಲು ದಾಟಿದ್ರ ಕಸ ಚಲೋ ಇದ್ರೂ ಗಿರಾಕಿ ಚಲೋ ಇಲ್ಲ ಅಂತ ಅರ್ಥ, ಗಿರಾಕಿ ಬದಲಿಸಿ ಇನ್ನೊಂದು ತಿಂಗಳು ನೋಡ್ರಿ.

## ಹಂತ 7: ಈಗ ಗಾಡಿ, ಅದರ ಕಾಗದ

ಒಟ್ಟು ತೂಕ 3,000 ಕಿಲೋ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬ್ಯಾಡ, ಏಸ್ ಇದರಾಗ ಬರತೈತಿ. ಒಟ್ಟು ತೂಕ 7,500 ಕಿಲೋ ತನಕದ ಗಾಡಿನ ಎಲ್‌ಎಂವಿ (ಹಗುರ ಗಾಡಿ) ಲೈಸೆನ್ಸಿನ ಮ್ಯಾಲೆ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರದಾಗ ಗಟ್ಟಿ ಮಾಡೈತಿ, ಅದಕ್ಕಿಂತ ದೊಡ್ಡ ಟಿಪ್ಪರ್, ಟ್ಯಾಂಕರಿಗೆ ಹೆವಿ ಲೈಸೆನ್ಸಿನ ಡ್ರೈವರ್ ಬೇಕು, ಪಗಾರಾನೂ ಹೆಚ್ಚು. ಫಿಟ್‌ನೆಸ್ ಗಾಡಿಗೆ ಎಂಟು ವರ್ಷ ಆಗೋ ತನಕ ಎರಡು ವರ್ಷಕ್ಕೊಮ್ಮೆ, ಆಮ್ಯಾಲೆ ಪ್ರತಿ ವರ್ಷ. ಹಳೇ ಗಾಡಿ ತಗೊಳ್ಳೋರು ಆರ್‌ಸಿ ಮ್ಯಾಲಿನ ತಾರೀಖು ಮೊದ್ಲ ನೋಡ್ರಿ, ಬಣ್ಣ ಆಮ್ಯಾಲೆ.

ಮನ್ಯಾಗ ಒಕ್ಕಲುತನದ ಟ್ರ್ಯಾಕ್ಟರ್ ಐತಿ, ಅದಕ್ಕ ಟ್ರೇಲಿ ಹಚ್ಚಿ ಹೊಡದ್ರಾತು ಅನ್ನೋರಿಗೆ ಒಂದು ಮಾತು. ಕೃಷಿಗಂತ ನೋಂದಣಿ, ಕೃಷಿಗಂತ ವಿಮಾ ಇರೋ ಟ್ರ್ಯಾಕ್ಟರ್ ಬಾಡಿಗಿ ಕಸ ಹೊಡ್ಯೋವಾಗ ಅಪಘಾತ ಆದ್ರ ವಿಮಾ ಕಂಪನಿ ಕೈ ಎತ್ತೋಕ ಅದ ಕಾರಣ ಸಾಕು. ಮೊದ್ಲ ಆರ್‌ಟಿಓದಾಗ ಬಾಡಿಗಿ ಉಪಯೋಗಕ್ಕ ಬದಲಿಸ್ಕೊಂಡು, ವಿಮಾ ಹೊಸದಾಗಿ ಮಾಡಿಸಿ, ಆ ಖರ್ಚನ್ನ ಹಂತ 5ರ ಹಾಳಿಯಾಗ ಸೇರಸಿ, ಆಮ್ಯಾಲೆ ಮೊದಲ ಟ್ರಿಪ್ ತುಂಬ್ರಿ.